ಉಪ್ಪು ಹಾಕಬಾರದ ಪಾತ್ರೆ

ಭಾನುವಾರ, ಮಧ್ಯಾಹ್ನ

ಮಗಳೇ,

ಸೊಸೆ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಮಗ ಹೋದ ಮೇಲೆ ಸೊಸೆಯನ್ನು ಏನೆಂದು ಕರೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೆ ತೋಚಿದ ಹಾಗೆ ಕರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಾನು ಆರಾಮಾಗಿದ್ದೇನೆ. ಮಂಡಿ ಮಾತ್ರ ತನ್ನ ಪಾಡಿಗೆ ತಾನು ಗೊಣಗುತ್ತಿರುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲೇ ಒಂದು ಮಾತು. ಸಂಜೆಯ ಬಸ್ಸಿಗೆ ಒಂದು ಗೋಣಿಚೀಲ ಕೊಟ್ಟು ಕಳಿಸುತ್ತೇನೆ. ಈ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚೀಲದ ಹೊರಮೈಗೆ ಹೊಲಿಯುತ್ತೇನೆ, ಅದರ ಬಾಯನ್ನೂ ಹೊಲಿಯುತ್ತೇನೆ. ನೀನು ಟೈಲರ್ ಅಂಗಡಿಯಲ್ಲಿ ದುಡಿಯುವವಳು, ನನ್ನ ಹೊಲಿಗೆ ನೋಡಿ ನಗುತ್ತೀಯ, ನಗು. ಆದರೆ ಕಾಗದವನ್ನು ಕೊನೆಯವರೆಗೆ ಓದಿದ ಮೇಲೆಯೇ ಚೀಲ ಬಿಚ್ಚಬೇಕು. ಇದು ಅತ್ತೆಯ ಅಪ್ಪಣೆ. ಅತ್ತೆ ಅಂದ ಮೇಲೆ ಒಂದಾದರೂ ಅಪ್ಪಣೆ ಬೇಡವೇ?

ನಿನ್ನ ಕಾಗದ ಗುರುವಾರ ಬಂತು. ಓದಿ ಜೀವ ಹಿಂಡಿದ ಹಾಗಾಯಿತು. ತರಕಾರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಉಪ್ಪುಕಡ್ಡಿ, ನಮ್ಮ ಕಡಲ ಕೆಸರಿನಲ್ಲಿ ಬೆಳೆಯುವ ಅದೇ ಸೊಪ್ಪು, ಇಟ್ಟಿದ್ದು ನೋಡಿ ನನ್ನ ಮೊಮ್ಮಗಳು ಮೆಣಸು "ಅಪ್ಪನ ಕಡ್ಡಿ, ಅಪ್ಪನ ಕಡ್ಡಿ" ಎಂದು ರಚ್ಚೆ ಹಿಡಿದಳಂತೆ. ಕೊಂಡು ತಂದು ಬೇಯಿಸಿ ಕೊಟ್ಟರೆ ಒಂದು ತುತ್ತು ಬಾಯಿಗಿಟ್ಟು ಥೂ ಎಂದು ಉಗಿದಳಂತೆ. "ಇದು ಅಪ್ಪಂದಲ್ಲ" ಎಂದು ಅತ್ತವಳು ಅಂದಿನಿಂದ ಅನ್ನಕ್ಕೆ ಬಾಯಿ ತೆರೆಯುತ್ತಿಲ್ಲ, ಹಾಲು ಬಿಸ್ಕತ್ತಿನಲ್ಲಿ ದಿನ ತಳ್ಳುತ್ತಿದ್ದಾಳೆ ಎಂದು ಬರೆದಿದ್ದೀಯ. "ಉಪ್ಪು ಜಾಸ್ತಿ ಆಗಿಬಿಟ್ಟಿತ್ತು ಅತ್ತೆ. ಇಡೋದು, ತೊಳೆಯೋದು, ಬೇಯಿಸೋದು ಎಲ್ಲ ಬಿಡಿಸಿ ಬರೆದು ಕಳಿಸಿ" ಎಂದಿದ್ದೀಯ. ಕೊನೆಯಲ್ಲಿ, "ಇಲ್ಲಿ ಹೊಸದೇನೂ ಇಲ್ಲ. ನಾನು, ಮೆಣಸು ಹೀಗೇ ಇದ್ದುಬಿಡ್ತೀವಿ" ಎಂದೂ ಸೇರಿಸಿದ್ದೀಯ.

ಆ ಕೊನೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಮಗುವಿನ ಹೊಟ್ಟೆ.

ಚೀಲದಲ್ಲಿರುವುದು ಉಪ್ಪುಕಡ್ಡಿಯೇ. ಇವತ್ತು ಬೆಳಿಗ್ಗೆ ಸಮುದ್ರದ ನೀರು ಇಳಿದಾಗ ನಾನೇ ಕೆಸರಿಗಿಳಿದು ಕತ್ತರಿಸಿ ತಂದದ್ದು. ಬೈಯಬೇಡ. ಕೋಲು ಹಿಡಿದುಕೊಂಡೇ ಇಳಿದೆ. ಸೊಪ್ಪು ಕೀಳುವ ಹೆಂಗಸರು ಆ ಕಡೆ ಈ ಕಡೆ ಇದ್ದರು, ಒಬ್ಬಳಂತೂ ನನ್ನ ಸೆರಗನ್ನು ಹಿಡಿದುಕೊಂಡೇ ನಿಂತಿದ್ದಳು, ಹಸು ಕಟ್ಟಿ ಹಾಕಿದ ಹಾಗೆ.

ನನ್ನ ಮಗನ ಜಾಗದಲ್ಲೇ ಕತ್ತರಿಸಿದೆ. ನಮ್ಮವರ ಪದ್ಧತಿ ನಿನಗೆ ಗೊತ್ತು, ಯಾರಾದರೂ ಹೋದರೆ ಅವರು ಕೊಯ್ಯುತ್ತಿದ್ದ ತಾವಿಗೆ ಆ ವರ್ಷ ಯಾರೂ ಕತ್ತರಿ ಹಾಕುವುದಿಲ್ಲ. ಹೋದ ವರ್ಷ ಅವನ ಜಾಗ ಹಾಗೇ ಬಲಿತು, ಕೆಂಪಾಗಿ, ಬೀಜ ಉದುರಿಸಿ ಒಣಗಿತು. ನಾನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಈ ವರ್ಷ ಹೆಂಗಸರು, "ಕತ್ತರಿ ಹಾಕೋ ಮೊದಲ ಹಕ್ಕು ನಿಮ್ಮದು, ಬರ್ತೀರೋ ಇಲ್ವೋ ಹೇಳಿಬಿಡಿ" ಎಂದು ಕೇಳಿದ್ದರು. ನಾನು ನಾಳೆ, ನಾಡಿದ್ದು ಎಂದು ತಳ್ಳುತ್ತಾ ಬಂದಿದ್ದೆ. ನಿನ್ನ ಕಾಗದ ಬರದಿದ್ದರೆ ಇನ್ನೂ ತಳ್ಳುತ್ತಿದ್ದೆನೋ ಏನೋ.

ಹೋಗಿ ನೋಡಿದರೆ, ಕಾಲಿಡಲು ಜಾಗ ಇಲ್ಲದ ಹಾಗೆ ಬೆಳೆದು ನಿಂತಿದೆ. ಅವನಿದ್ದಾಗಲೂ ಇಷ್ಟು ಒತ್ತಾಗಿ ಬಂದದ್ದನ್ನು ನಾನು ಕಂಡಿಲ್ಲ. ಹೆಂಗಸರೆಲ್ಲ "ಅಬ್ಬಾ" ಎಂದರು. ನನಗೆ ಸಿಟ್ಟು ಬಂತು. ಅವನಿಲ್ಲ ಅನ್ನುವ ಚಿಂತೆಯೇ ಇಲ್ಲದೆ ಇದಕ್ಕೆ ಹೀಗೆ ಬೆಳೆಯಲು ಮನಸ್ಸಾದರೂ ಹೇಗೆ ಬಂತು ಎಂದು ಬೈದುಕೊಂಡೆ. ಆಮೇಲೆ ಬಗ್ಗಿ ಕತ್ತರಿಸಿದೆ. ತುದಿ ಮಾತ್ರ, ಬುಡಕ್ಕೆ ಕೈ ಹಚ್ಚಲಿಲ್ಲ. ಒಂದು ಗೆಣ್ಣು ಮುರಿದು ಬಾಯಿಗೆ ಹಾಕಿ ನೋಡಿದೆ. ಹಿಂದಿನ ದಿನ ಮಳೆ ಬಿದ್ದಿತ್ತು, ಉಪ್ಪು ಹದವಾಗಿತ್ತು. ಹಾಗೆ ಬಾಯಿಗೆ ಹಾಕಿ ನೋಡದೆ ಅವನು ಯಾವತ್ತೂ ಬುಟ್ಟಿ ತುಂಬಿಸುತ್ತಿರಲಿಲ್ಲ, ನೆನಪಿದೆಯಾ? ಅವನಿಂದ ಕೊಳ್ಳುತ್ತಿದ್ದ ಹೋಟೆಲಿನವರು ಎಷ್ಟು ಅವಸರ ಮಾಡಿದರೂ ಅಷ್ಟೇ.

ಈಗ ಇಡುವ ರೀತಿ ಕೇಳು. ಅಂಗಡಿಯವರು ಮಾಡುವ ಮೊದಲ ತಪ್ಪೆಂದರೆ ತೊಳೆದು ಡಬ್ಬಿಗೆ ತುಂಬುವುದು. ಸಿಹಿನೀರು ಬಿದ್ದು ಗಾಳಿಯೂ ಆಡದಿದ್ದರೆ ಅದು ಬೆವರಿ ಲೋಳೆಯಾಗುತ್ತದೆ. ನಾನು ಕಳಿಸಿರುವುದಕ್ಕೆ ಕೆಸರು ಮೆತ್ತಿದೆ, ಮೆತ್ತಿಕೊಂಡೇ ಇರಲಿ, ಒಲೆ ಹಚ್ಚುವ ಹೊತ್ತಿನವರೆಗೆ ತೊಳೆಯಬೇಡ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿದ್ದೇನೆ. ಹಾಗೇ ತಂಪಾದ ಮೂಲೆಯಲ್ಲಿಡು, ಫ್ರಿಜ್ಜಿದ್ದರೆ ಕೆಳಗಿನ ತಟ್ಟೆಯಲ್ಲಿಡು. ಬಟ್ಟೆ ಒಣಗಿತು ಎನ್ನಿಸಿದರೆ ಕೈಯಿಂದ ನೀರು ಚಿಮುಕಿಸು. ಬಟ್ಟೆ ಹೊಸದಾದರೆ ನೀರು ಹಿಡಿಯುವುದಿಲ್ಲ. ಹತ್ತಿಯದಾಗಿರಬೇಕು, ತೊಟ್ಟು ತೊಟ್ಟು ಮೆತ್ತಗಾಗಿರಬೇಕು. ಅಂಥದ್ದನ್ನೇ ಹುಡುಕಿ ಹಾಕಿದ್ದೇನೆ. ಹೀಗಿಟ್ಟರೆ ವಾರವಾದರೂ ಮುರಿದಾಗ ಟಪ್ ಎನ್ನುತ್ತದೆ.

ಜೊತೆಗೆ ಒಂದು ಕಟ್ಟು ದಪ್ಪೆಲೆಯನ್ನೂ ಹಾಕಿದ್ದೇನೆ, ಮರಳುದಿಬ್ಬದ ಬದಿಯಲ್ಲಿ ಬೆಳೆಯುತ್ತದಲ್ಲ, ಅದು. ಅದನ್ನು ಇಡಲು ಹೋಗಬೇಡ, ಬಂದ ದಿನವೇ ಮಾಡು. ದಂಟು ಬೇರೆ, ಎಲೆ ಬೇರೆ ಮಾಡಿಕೊಂಡು ದಂಟನ್ನು ಮೊದಲು ಬಾಣಲೆಗೆ ಹಾಕಬೇಕು, ಎಲೆ ಕೊನೆಗೆ. ನಿನಗೆ ಅದು ಇಷ್ಟ ಎಂದು ಹಾಕಿದೆ. ಮಗು ತಿನ್ನುತ್ತಿಲ್ಲ ಎಂದು ನೀನು ಬರೆದೆ, ನೀನು ತಿನ್ನುತ್ತಿದ್ದೀಯೋ ಇಲ್ಲವೋ ಬರೆಯಲಿಲ್ಲ.

ಇನ್ನು ಆರಿಸುವುದು. ಈ ಕೆಲಸದಲ್ಲಿ ಮೆಣಸು ನಿನಗಿಂತ ಜಾಣೆ, ಅವಳ ಕೈಗೇ ಕೊಡು. ಗೆಣ್ಣು ಬಗ್ಗಿಸಿದರೆ ಮುರಿಯಬೇಕು. ಮುರಿಯದೆ ನಾರು ಎಳೆದುಕೊಂಡು ಬಂದರೆ ಅದು ಬಲಿತದ್ದು, ಬೇರೆ ಇಡಬೇಕು. ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಟಬ್ಬು ಇಟ್ಟುಕೊಂಡು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇದು ಅಜ್ಜಿನಾ, ಪಾಪುನಾ?" ಎಂದು ಒಂದೊಂದೇ ಕಡ್ಡಿ ತೋರಿಸಿ ಕೇಳುತ್ತಿದ್ದ. ಅವಳು ಮುರಿದು ನೋಡಿ "ಅಜ್ಜಿ!" ಎಂದು ಕೂಗಿದರೆ ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ನಾನು ನಾರು ಬಿಟ್ಟ ಮುದುಕಿ ಎಂದು ಮನೆಮಂದಿಯೆಲ್ಲ ದಿನಾ ಒಪ್ಪಿಕೊಳ್ಳುತ್ತಿದ್ದಿರಿ.

ಈಗ ಅದೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಆ ಕೊನೆಯ ದಿನ ಅವನು ಟಬ್ಬನ್ನು ಅರ್ಧಕ್ಕೇ ಬಿಟ್ಟು ಎದ್ದ. ಎದೆ ಉರಿಯುತ್ತಿದೆ, ಸೆಖೆ ಎಂದು ಅಂಗಿ ಬಿಚ್ಚಿ ಬಾಗಿಲ ಹಿಂದಿನ ಗೂಟಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿದ್ದುಕೊಂಡಿರುತ್ತೇನೆ ಎಂದು ಒಳಗೆ ಹೋದ. ಮೆಣಸು ಇಲ್ಲೇ ಕೂತು ಒಬ್ಬಳೇ ಆರಿಸುತ್ತಿದ್ದಳು. ನೀನು ಅವನನ್ನು ಎಬ್ಬಿಸಲು ಹೋಗಿ ಕೂಗಿಕೊಂಡಾಗಲೂ ಅವಳ ಕೈಯಲ್ಲಿ ಒಂದು ಕಡ್ಡಿ ಇತ್ತು. ಮಗುವಿಗೆ ಏನೂ ನೆನಪಿಲ್ಲ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವಳಿಗೆ ನೆನಪಿದೆ. ಅದಕ್ಕೇ ಉಗಿದಳು.

ಆ ಅಂಗಿಯನ್ನು ನೀನೂ ಒಗೆಯಲಿಲ್ಲ, ನಾನೂ ಒಗೆಯಲಿಲ್ಲ. ಪೇಟೆಗೆ ಹೊರಟ ದಿನ ನೀನು ಅದನ್ನು ಬ್ಯಾಗಿಗೆ ಹಾಕಿಕೊಂಡು ಗೇಟಿನವರೆಗೆ ಹೋಗಿ, ತಿರುಗಿ ಬಂದು ಮತ್ತೆ ಗೂಟಕ್ಕೆ ಹಾಕಿದೆ. "ಇಲ್ಲೇ ಇರಲಿ ಅತ್ತೆ, ನನಗೆ ಇವಳಿದ್ದಾಳೆ" ಎಂದೆ. ನೀನು ನನಗೆ ಕೊಟ್ಟ ದೊಡ್ಡ ಉಡುಗೊರೆ ಅದು. ನಾನು ಆವಾಗ ಬಸ್ಸು ತಪ್ಪುತ್ತದೆ ಹೊರಡು ಎಂದು ಗದರಿದೆ.

ಇರಲಿ. ಕಣ್ಣು ಒರೆಸಿಕೊಂಡು ಒಲೆಯ ಹತ್ತಿರ ಬಾ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಡು. ಕುದಿ ಬರುವಷ್ಟರಲ್ಲಿ ಕಡ್ಡಿಯನ್ನು ಬೋಗುಣಿಗೆ ಹಾಕಿ ತೊಳಿ. ಕೆಸರು ಹೋಗಿ ನೀರು ತಿಳಿಯಾಗುವವರೆಗೆ ನೀರು ಬದಲಾಯಿಸುತ್ತಾ ಇರು, ಆದರೆ ಕೈ ಚುರುಕಾಗಿರಲಿ, ನೆನೆಸಿಟ್ಟು ಬೇರೆ ಕೆಲಸಕ್ಕೆ ಹೋಗಬೇಡ. ನೀರು ಮರಳುವಾಗ ಹಾಕಿ ಅಲ್ಲೇ ನಿಲ್ಲು. ಬಣ್ಣ ಫಳ್ಳೆಂದು ಹಸಿರಾಗುತ್ತದೆ, ಆ ಕ್ಷಣಕ್ಕೆ ಬಸಿದು ತಣ್ಣೀರಿಗೆ ಹಾಕು. ಇನ್ನೂ ಬೇಯಲಿ ಎನ್ನುವ ಆಸೆ ಬೇಡ, ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕು, ಘಮ್ಮೆಂದಾಗ ಕಡ್ಡಿ ಹಾಕಿ ಎರಡು ಸಲ ಮೇಲೆ ಕೆಳಗೆ ಮಾಡಿ ಇಳಿಸು. ಮೇಲೆ ನಿಂಬೆಹಣ್ಣು ಹಿಂಡು. ಬೇಯಿಸಿದ ಆಲೂಗಡ್ಡೆಯನ್ನು ಮೆತ್ತಗೆ ಹಿಸುಕಿ ಅದರ ಪಕ್ಕಕ್ಕಿಡು. ಮೆಣಸಿಗೆ ಆಲೂಗಡ್ಡೆಯ ಗುಡ್ಡ ಮಾಡಿ ಅದರಲ್ಲಿ ಕಡ್ಡಿ ನೆಟ್ಟು ಕೊಡಬೇಕು, ಇಲ್ಲದಿದ್ದರೆ ಅವಳು ಮುಟ್ಟುವುದಿಲ್ಲ. ಬಲಿತದ್ದನ್ನು ಎಸೆಯಬೇಡ. ಅದನ್ನೂ ಬೇಯಿಸಿ, ಬುಡ ಹಿಡಿದು ಹಲ್ಲಿನಲ್ಲಿ ಎಳೆದುಕೊಂಡರೆ ತಿರುಳು ಬಾಯಿಗೆ, ನಾರು ಕೈಗೆ. ಮಿಕ್ಕಿದರೆ ವಿನಿಗರ್ ಕಾಯಿಸಿ ಸುರಿದು ಶೀಶೆಯಲ್ಲಿ ಹಾಕಿಡು.

ಯಾವುದಕ್ಕೂ ಉಪ್ಪಿಲ್ಲ. ಕುದಿಯುವ ನೀರಿಗಿಲ್ಲ, ಬಾಣಲೆಗಿಲ್ಲ, ಆಲೂಗಡ್ಡೆಗೂ ಇಲ್ಲ.

ಇದನ್ನು ನಾನು ನಿನಗೆ ಬರೆಯಬೇಕೇ? ನೀನು ಈ ಮನೆಗೆ ಬಂದ ಹೊಸದರಲ್ಲಿ ಇದೇ ಅಡುಗೆ ಮಾಡುತ್ತಾ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಅವನು ಓಡಿ ಬಂದು ನಿನ್ನ ಕೈ ಹಿಡಿದುಕೊಂಡ. "ಸಮುದ್ರನೇ ಹಾಕಿ ಕಳಿಸಿದೆ ಕಣೇ, ನೀನ್ಯಾಕೆ ಮತ್ತೆ ಹಾಕ್ತೀಯಾ" ಎಂದ. ಹಿಡಿದ ಕೈ ಬಿಡಲಿಲ್ಲ. ಹಿಂದೆ ನಾನು ನಿಂತಿದ್ದೇನೆ ಅನ್ನುವ ಪರಿವೆಯೂ ಇಬ್ಬರಿಗೂ ಇರಲಿಲ್ಲ, ಪಾತ್ರೆಯಲ್ಲಿದ್ದದ್ದು ಮುದ್ದೆಯಾಯಿತು, ಅವತ್ತು ಅದನ್ನೇ ತಿಂದೆವು. ಅಂದಿನಿಂದ ಆ ಅಡುಗೆಯ ದಿನ ನೀನು ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟೇ ಒಲೆ ಹಚ್ಚುತ್ತಿದ್ದೆ. ನಿದ್ದೆಗಣ್ಣಿನಲ್ಲೂ ನಿನ್ನ ಕೈ ಆ ಪಾತ್ರೆಗೆ ಉಪ್ಪು ಹಾಕುವುದಿಲ್ಲ, ಮಗಳೇ. ಉಪ್ಪು ಹಾಕಿದ್ದು ಬೇರೆ ಕೈ.

ಕೆಲವು ದಿನದ ಹಿಂದೆ ಮೆಣಸಿನ ಸ್ವೆಟರ್ ಕಳಿಸಿದಾಗ ಬಸ್ಸಿನ ಕಂಡಕ್ಟರ್ ನಾನು ಕೇಳದಿದ್ದರೂ ವರದಿ ಒಪ್ಪಿಸಿದ್ದ. "ನಿಮ್ಮ ಸೊಸೆ ಬರಲಿಲ್ಲ ಅಮ್ಮಾ. ಬೇಕರಿಯವರಂತೆ, ಅವರು ಬಂದು ಇಸ್ಕೊಂಡ್ರು. ಮೊಣಕೈವರೆಗೂ ಹಿಟ್ಟು. ಪಾರ್ಸೆಲ್‌ಗೆ ಹಿಟ್ಟು ಹತ್ತುತ್ತೆ ಅಂತ ಪೇಪರ್ ಹಾಸ್ಕೊಂಡು ಎತ್ಕೊಂಡ್ರು ನೋಡಿ" ಎಂದಿದ್ದ. ಪಕ್ಕದ ಅಂಗಡಿಯವರಿರಬೇಕು, ಕೆಲಸ ಮುಗಿಯದೆ ನೀನು ಕಳಿಸಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ನಿನ್ನ ಕಾಗದದಲ್ಲಿ ಉಪ್ಪು ಜಾಸ್ತಿಯಾಯಿತು ಎಂದು ಓದಿದಾಗ ಆ ಹಿಟ್ಟು ನೆನಪಾಯಿತು.

ಮೊದಲು ನಗು ಬಂತು. ಸಕ್ಕರೆಯಲ್ಲಿ ಮುಳುಗೇಳುವ ಮನುಷ್ಯನಿಗೆ ನಮ್ಮ ಕಡ್ಡಿಯ ಉಪ್ಪಿನ ಅಂದಾಜು ಎಲ್ಲಿಂದ ಬರಬೇಕು, ಪಾಪ! ಆಮೇಲೆ ಕಾಗದ ಮಡಿಸಿಟ್ಟು ಒಳಗೆ ಹೋಗಿ ಅತ್ತುಬಿಟ್ಟೆ. ನನ್ನ ಮಗ ನಿಲ್ಲುತ್ತಿದ್ದ ಜಾಗದಲ್ಲಿ, ನಿನ್ನ ಒಲೆಯ ಮುಂದೆ, ಇನ್ನೊಬ್ಬರು ನಿಂತಿದ್ದಾರೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಶುಕ್ರವಾರ ಪೂರ್ತಿ ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡಿದೆ. ನೀನು ಇಲ್ಲಿ ಇಲ್ಲದ್ದರಿಂದ ಎಲ್ಲದರಲ್ಲೂ ನಾನೇ ಗೆದ್ದೆ. ಗೆದ್ದು ಏನೂ ಸುಖ ಸಿಗಲಿಲ್ಲ.

ನಿನ್ನೆ ಮತ್ತೆ ಕಾಗದ ತೆಗೆದು ಓದಿದೆ. ಮೊದಲ ಸಲ ಕಣ್ಣಿಗೆ ಬೀಳದ ಒಂದು ಮಾತು ಸಿಕ್ಕಿತು. "ಮಾಡಿದ್ದು ಚೆಲ್ಲಲಿಲ್ಲ ಅತ್ತೆ, ಖರ್ಚಾಯಿತು" ಎಂದಿದ್ದೀಯ. ಮೆಣಸು ಉಗಿದಳು. ನಿನಗೆ ಉಪ್ಪು ಒಂದು ಹರಳು ಹೆಚ್ಚಾದರೂ ತಟ್ಟೆ ಆಚೆ ತಳ್ಳುವ ಅಭ್ಯಾಸ. ಹಾಗಾದರೆ ಅಷ್ಟನ್ನೂ ಕೂತು ತಿಂದು ಮುಗಿಸಿದವರು ಯಾರು? ತಾನು ಕೆಡಿಸಿದ್ದನ್ನು ಮಗುವಿನ ಮುಂದೆ ಮುಖ ಕಿವುಚದೆ ತಿಂದಿರಬೇಕು. ಎಷ್ಟು ಚೊಂಬು ನೀರು ಕುಡಿದರೋ! ನನ್ನ ಜಗಳ ಅಲ್ಲಿಗೆ ಮುಗಿಯಿತು. ಅಂಥವರ ಮೇಲೆ ಸಿಟ್ಟು ಹಿಡಿದುಕೊಂಡು ಕೂರಲು ನನಗೆ ಬರುವುದಿಲ್ಲ, ಪ್ರಯತ್ನವೇನೋ ಮಾಡಿದೆ.

ಈಗ ನಿನ್ನ ಕೊನೆಯ ಮಾತು. "ಹೀಗೇ ಇದ್ದುಬಿಡ್ತೀವಿ" ಎಂದು ನೀನು ಬರೆದದ್ದು ಯಾರೋ ಕೇಳಿದ್ದಕ್ಕೆ ಕೊಟ್ಟ ಉತ್ತರದ ಹಾಗಿದೆ. ನಾನಂತೂ ಕೇಳಿರಲಿಲ್ಲ. ಆ ಬೇಕರಿಯವರು ಮದುವೆಗೆ ಕೇಳಿದ್ದಾರೆ, ನೀನು ಇಲ್ಲ ಎಂದಿದ್ದೀಯ ಅಥವಾ ಇಲ್ಲ ಎನ್ನಲು ಹೊರಟಿದ್ದೀಯ. ನನ್ನ ಮುಖ ನೆನೆಸಿಕೊಂಡು ತಾನೇ? ಅದನ್ನು ನೆನೆಸಿಕೊಂಡು ಬದುಕುವಷ್ಟು ಚೆಂದದ ಮುಖ ಅಲ್ಲ ನನ್ನದು. ನೀನು ಒಂಟಿಯಾಗಿ ಉಳಿಯುವುದರಿಂದ ನನ್ನ ಮಗ ತಿರುಗಿ ಬರುವ ಹಾಗಿದ್ದರೆ ನಾನೇ ಬಂದು ನಿನ್ನ ಬಾಗಿಲಿಗೆ ಅಡ್ಡ ಕೂರುತ್ತಿದ್ದೆ. ಅವನು ಬರುವುದಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ಹೊತ್ತು ಬೇಕಾಯಿತು.

ಅವರಿಗೆ ಹೂಂ ಅನ್ನು. ಈ ಕಾಗದದ ಒಲೆಯ ಭಾಗವನ್ನು ಅವರಿಗೇ ಓದಿ ಹೇಳು, ಅವರೇ ಬೇಯಿಸಲಿ. ಹಿಟ್ಟಿನ ಹದ ಗೊತ್ತಿರುವ ಕೈ, ಬೇಗ ಕಲಿಯುತ್ತದೆ. ಮೆಣಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಆರಿಸುವುದನ್ನು ಅವಳಿಂದಲೇ ಹೇಳಿಸಿಕೊಳ್ಳಲಿ. ನಾನು ಕೇಳುವುದು ಒಂದೇ. ಯಾರು ಬೇಯಿಸಿದರೂ, ಯಾರು ಬಡಿಸಿದರೂ, ಅದರ ಹೆಸರು ಆ ಮನೆಯಲ್ಲಿ ಅಪ್ಪನ ಕಡ್ಡಿ ಎಂದೇ ಇರಲಿ. ಮುಂದೆ ಮಗು ಅವರನ್ನು ಏನು ಬೇಕಾದರೂ ಕರೆಯಲಿ, ನನಗೆ ಬೇಸರವಿಲ್ಲ. ಕಡ್ಡಿಯ ಹೆಸರು ಮಾತ್ರ ಬದಲಾಯಿಸಬೇಡಿ.

ನೀರು ಇಳಿಯುವ ಹೊತ್ತು ನೋಡಿಕೊಂಡು ಮೂವರೂ ಒಂದು ಸಲ ಬನ್ನಿ. ಅವನ ಜಾಗವನ್ನು ಅವರಿಗೆ ತೋರಿಸಿಬಿಡುತ್ತೇನೆ. ಕೆಸರಿನಲ್ಲಿ ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲಿ ಗಟ್ಟಿ ಎಂದು ನನಗೊಬ್ಬಳಿಗೇ ಗೊತ್ತಿದ್ದರೆ ಸಾಲದು. ನನ್ನ ಮಂಡಿ ಬರುವ ವರ್ಷಕ್ಕೆ ಏನು ಹೇಳುತ್ತದೋ.

ಬಸ್ಸಿನ ಹೊತ್ತಾಯಿತು. ಚೀಲವನ್ನು ಒಲೆಯ ಹತ್ತಿರಕ್ಕೆ ಎತ್ತಿಡಲು ಅವರನ್ನೇ ಕರೆ, ಭಾರವಿದೆ. ಮಗುವಿಗೆ ನನ್ನ ಮುತ್ತು.

ಇಂತಿ,
ಏನೆಂದು ಕರೆದರೂ ಓಗೊಡುವ
ನಿನ್ನ ಅತ್ತೆ

ಮತ್ತೊಂದು ಮಾತು: ಚೀಲ ಬಿಚ್ಚಿದಾಗ ಹೆದರಬೇಡ, ಅದಕ್ಕೇ ಮೊದಲು ಕಾಗದ ಓದು ಎಂದದ್ದು. ಕಡ್ಡಿಯನ್ನು ಸುತ್ತಿರುವ ಒದ್ದೆ ಬಟ್ಟೆ ಆ ಗೂಟದ ಮೇಲಿನ ಅಂಗಿ. ಮನೆಯಲ್ಲಿ ಅಷ್ಟು ಮೆತ್ತಗಾದ ಬಟ್ಟೆ ಬೇರೆ ಇರಲಿಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ, ಇದೆ, ಬೇಕಾದಷ್ಟಿದೆ. ನೀರಿಗೆ ಅದ್ದುವ ಮೊದಲು ಇನ್ನೊಂದು ಸಲ ಮುಖಕ್ಕೆ ಒತ್ತಿಕೊಂಡು ನೋಡಿದೆ. ಅವನ ವಾಸನೆ ಹೋಗಿ ಯಾವ ಕಾಲವಾಯಿತೋ, ಬರೀ ಗೋಡೆಯ ವಾಸನೆ ಬಂತು. ಕಡ್ಡಿ ಮುಗಿದ ಮೇಲೆ ಸೋಪು ಹಾಕಿ ಚೆನ್ನಾಗಿ ಒಗೆದುಬಿಡು. ಬೇಕರಿಯ ಬಿಸಿ ತಟ್ಟೆ ಹಿಡಿಯಲು ಅವರಿಗೆ ಬೇಕಾಗುತ್ತದೆ. ಗುಂಡಿಗಳು ಕಡ್ಡಿಗೆ ಒತ್ತಿ ನಲುಗಿಸುತ್ತವೆ ಎಂದು ಕತ್ತರಿಸಿ ತೆಗೆದಿದ್ದೇನೆ. ಅವು ನನ್ನ ಹತ್ತಿರ ಇರಲಿ.